ದಡದಿಂದ ಹಲೋ

ಬೆಳಗಿನ ನಾಲ್ಕೂವರೆಗೆ ಮಲ್ಪೆಯಲ್ಲಿ
ಐಸಿನ ಯಂತ್ರಕ್ಕೆ ಮಾತ್ರ ಪೂರ್ತಿ ಎಚ್ಚರ.
ಬುಟ್ಟಿ ಇಳಿಸಿ ನಾನು ಅದರ ಹಿಂದೆ ಹೋಗಿ
ಒಡೆದ ಚೂರೊಂದನ್ನು ಕುತ್ತಿಗೆಗೆ ಒತ್ತಿಕೊಂಡು ನಿಲ್ಲುತ್ತೇನೆ.
ಎದೆಯಿಂದ ಹೊರಟು ಕಿವಿಯ ತುದಿಯವರೆಗೆ
ಯಾರೋ ಒಲೆ ಊದಿದ ಹಾಗೆ.
ಎರಡು ನಿಮಿಷ. ಆಮೇಲೆ ಬೆವರು, ಆಮೇಲೆ ಚಳಿ.
ಐಸು ತುಂಬುವ ಹುಡುಗ, ಒಡಿಶಾದವ,
ನೋಡಿಯೂ ನೋಡದ ಹಾಗೆ ಸಲಿಕೆ ತಿರುಗಿಸುತ್ತಾನೆ.

ಅಪ್ಪಿಯಕ್ಕ ಹೇಳಿದಳು: ದೃಷ್ಟಿ ಅದು, ಮೆಣಸು ನಿವಾಳಿಸು.
ಬೇಬಿ ಹೇಳಿದಳು: ಪಿತ್ತ, ಪುನರ್ಪುಳಿ ಕುಡಿ.
ಎರಡೂ ಮಾಡಿದೆ. ಪುನರ್ಪುಳಿ ರುಚಿಯಿತ್ತು.

ಕೊನೆಗೆ ಆದಿ ಉಡುಪಿಯ ಡಾಕ್ಟರಮ್ಮ
ಚೀಟಿಯ ಬೆನ್ನಿಗೆ ಪೆನ್ನಿನಲ್ಲಿ ಒಂದು ತಲೆ ಬರೆದರು,
ತಲೆಯೊಳಗೆ ಒಂದು ಚುಕ್ಕೆ.
"ಬಟಾಣಿಯಷ್ಟೇ, ಜಲಜಾಕ್ಷಿ. ಮಿದುಳಿನ ಅಡಿಗೆ ನೇತಾಡ್ತದೆ.
ಇಷ್ಟು ವರ್ಷ ಇದು ಕರೀತಿತ್ತು,
ಕೆಳಗಿನಿಂದ ಅಂಡಾಶಯ ಓಗೊಡ್ತಿತ್ತು.
ಕರೆಯೂ ಉತ್ತರವೂ ರಕ್ತದಲ್ಲೇ. ತಂತಿ ಇಲ್ಲ.
ಈಗ ಉತ್ತರ ನಿಂತಿದೆ, ಇದು ಸ್ವರ ಏರಿಸಿದೆ.
ಇಲ್ಲಿ ನೋಡಿ" ಅಂದರು ರಿಪೋರ್ಟಿಗೆ ಬೆರಳಿಟ್ಟು,
"ಎಪ್ಪತ್ತೆರಡು. ಬೊಬ್ಬೆ ಇದು."

ತಂತಿ ಇಲ್ಲದ ಕರೆ ನನಗೆ ಗೊತ್ತಿಲ್ಲವೇ?
ಮದುವೆಯಾಗಿ ಬಂದ ಮನೆಯಲ್ಲಿ
ದೇವರ ಪಟದ ಕೆಳಗೇ ವಯರ್‌ಲೆಸ್ ಸೆಟ್ಟು.
ಸಂಜೆ ಏಳಕ್ಕೆ ಮಾವ ಅದರೆದುರು ಕೂತು
ಹಲೋ, ಹಲೋ, ದಡದಿಂದ, ಎಷ್ಟು ಮಾರು ನೀರು?
ಗರಗರದ ಒಳಗಿಂದ, ಭಟ್ಕಳದ ಆಚೆಯಿಂದ
ನನ್ನ ಗಂಡನ ಮೂಗಿನ ಸ್ವರ:
ಬಂಗುಡೆ ಇಲ್ಲ, ಬೊಂಡಾಸ್ ಉಂಟು.
ಅಷ್ಟು ಕೇಳಿದ ಮೇಲೆ ಅತ್ತೆ ಅಕ್ಕಿ ತೊಳೆಯುವುದು.

ಒಂದು ರಾತ್ರಿ ಉತ್ತರ ಬರಲಿಲ್ಲ.
ಮಾವ ಗುಂಡಿ ತಿರುವಿ ತಿರುವಿ
ಗಂಟಲು ಹರಿಯುವಷ್ಟು ಕೂಗಿದರು,
ಜೋರಾಗಿ ಕೂಗಿದರೆ ಹೆಚ್ಚು ದೂರ ಹೋಗುತ್ತದೆ ಎಂಬಂತೆ.
ಆವತ್ತು ನನ್ನ ಎದೆ ಬಡಿದದ್ದು, ಬಾಯಿ ಒಣಗಿದ್ದು,
ಅಂಗೈ ಮೀನಿನ ಹೊಟ್ಟೆಯಂತೆ ತಣ್ಣಗಾದದ್ದು
ಕಿಡ್ನಿಯ ತಲೆಯ ಮೇಲೆ ಮುಟ್ಟಾಳೆಯ ಹಾಗೆ ಕೂತ
ಇನ್ನೊಂದು ಗ್ರಂಥಿಯ ಕೆಲಸವಂತೆ. ಈಗ ತಿಳಿಯಿತು.
ಬೆಳಿಗ್ಗೆ ದೋಣಿ ಬಂತು. ಬ್ಯಾಟರಿ ಸತ್ತಿತ್ತು, ಅಷ್ಟೇ.
ಮಾವ ಒಂದು ವಾರ ಯಾರೊಡನೆಯೂ ಮಾತಾಡಲಿಲ್ಲ.

ಹಾಗಾದರೆ ನನ್ನೊಳಗೂ ಕೂತಿದ್ದಾನೆ
ಬಟಾಣಿಯಷ್ಟು ಒಬ್ಬ ಮುದುಕ,
ಕತ್ತಲಲ್ಲಿ ಗುಂಡಿ ತಿರುವುತ್ತ.
ದೋಣಿ ಮುಳುಗಿಲ್ಲ ಎಂದು ಅವನಿಗೆ ಹೇಳುವವರು ಯಾರು?
ಎಂಜಿನ್ ಬಿಚ್ಚಿ ಮರಳಿಗೆ ಎಳೆದಾಗಿದೆ,
ಅಡಿಗೆ ತೆಂಗಿನ ಕೊರಡು ಇಟ್ಟಾಗಿದೆ.
ಮೂವತ್ತೇಳು ವರ್ಷ, ತಿಂಗಳಿಗೊಂದು ಟ್ರಿಪ್ಪು,
ಬಲೆಗೆ ಬಿದ್ದದ್ದು ಎರಡೇ ಸಲ.
ಒಬ್ಬಳು ಮಣಿಪಾಲದಲ್ಲಿ ನರ್ಸು,
ಇನ್ನೊಬ್ಬ ಇದೇ ದಕ್ಕೆಯಲ್ಲಿ ಬಲೆ ಹೆಣೆಯುತ್ತಾನೆ.
ಮಿಕ್ಕ ಟ್ರಿಪ್ಪುಗಳ ಡೀಸೆಲ್ ಲೆಕ್ಕ
ಹೊಟ್ಟೆ ಹಿಡಿದು ಮಲಗಿದ ನನ್ನ ಚಾಪೆಗೆ ಗೊತ್ತು.

ಜೂನ್ ಬಂದರೆ ಸರ್ಕಾರ ಕಡಲಿಗೆ ಬೀಗ ಹಾಕುತ್ತದೆ,
ಮೀನು ಮೊಟ್ಟೆ ಇಡುವ ಹೊತ್ತು ಎಂದು.
ಅದಕ್ಕೂ ಮೊದಲೇ ಬೂತಾಯಿ ಸೀಳಿದರೆ
ಒಳಗೆ ಹಳದಿ ಗೊನೆ, ಸಾಸಿವೆಗಿಂತ ಸಣ್ಣ ಸಾವಿರ.
ಅವಕ್ಕೆ ಯಾವ ಬಟಾಣಿ ಹೇಳಿತೋ
ಹೊಸ ನೀರು ಬರ್ತಾ ಉಂಟು, ತಯಾರಾಗು, ಎಂದು.
ನನ್ನ ಕತ್ತಿ ಒಂದು ಗಳಿಗೆ ನಿಲ್ಲುತ್ತದೆ.
ಎದುರಿನ ಗಿರಾಕಿಗೆ ಅವಸರ:
ಮೊಟ್ಟೆ ಬಿಸಾಡಬೇಡಿ ಮಾರಾಯ್ರೆ, ಗಸಿಗೆ ಬೇಕು.

ಇದೋ, ಮತ್ತೆ ಹತ್ತಿತು. ಎದೆ, ಕುತ್ತಿಗೆ, ಕಿವಿ.
ಒಡಿಶಾದ ಹುಡುಗ ಈ ಸಲ ಕೇಳದೆಯೇ
ದೊಡ್ಡ ಚೂರೊಂದನ್ನು ಚಾಚುತ್ತಾನೆ.
ಅವನ ಅಮ್ಮನಿಗೂ ಐವತ್ತಂತೆ.
ಅವರ ಊರಲ್ಲಿ ಐಸ್ ಪ್ಲಾಂಟ್ ಇಲ್ಲವಂತೆ.

ಹಲೋ ಮಾವ, ಕೇಳಿಸ್ತಾ ಉಂಟು, ಕೂಗಬೇಡಿ.
ಏಲಂ ಶುರುವಾಯಿತು, ನಾನು ಹೋಗಬೇಕು.