ಇಂಚಿಗೆ ಆರು ಅಡಿ

ಹಗಲು ನಾನು ಹಲ್ಲು ಮಾಡುತ್ತೇನೆ.
ಬೀದರಿನ ಚೌಬಾರಾದ ಹಿಂದಿನ ಗಲ್ಲಿ, ಮೆಟ್ಟಿಲ ಕೆಳಗಿನ ಖೋಲಿ.
ಡಾಕ್ಟರರು ಕಳಿಸಿದ ಬಾಯಿಗಳೆಲ್ಲ
ಪ್ಲಾಸ್ಟರಾಗಿ ಹಲಗೆಯ ಮೇಲೆ ಸಾಲುಗಟ್ಟಿವೆ,
ಒಂದೊಂದು ದವಡೆಗೂ ಪೆನ್ಸಿಲಿನಲ್ಲಿ ಒಂದೊಂದು ಹೆಸರು.

ರಾತ್ರಿ ಎಂಟರ ಮೇಲೆ ಅದೇ ಮೇಜು, ಅದೇ ದೀಪ,
ಮೇಣ ಕೆತ್ತುವ ಅದೇ ಚಾಕು.
ಕಿರಣ್ ವಿಮಾನದ ಕಿಟ್ಟು ಎಲ್ಲೂ ಸಿಗಲಿಲ್ಲ.
ಹೈದರಾಬಾದಿನ ಅಂಗಡಿಯವನು ಬೇರೆ ಜೆಟ್ಟುಗಳ ಡಬ್ಬಿ ಹರಡಿದ,
ಅಮೆರಿಕದ್ದು, ರಷ್ಯಾದ್ದು,
ಮೂತಿಗೆ ಶಾರ್ಕಿನ ಹಲ್ಲು ಬರೆದದ್ದು.
ಹಲ್ಲು ಮನೆಯಲ್ಲಿ ಬೇಕಾದಷ್ಟಿದೆಯಪ್ಪಾ ಎಂದು ಬಸ್ಸು ಹಿಡಿದೆ.

ನಮ್ಮ ತಲೆಯ ಮೇಲೆ ಹಾರಿದ್ದು ಇದು.
ಇದು ಬಂದರೆ ಭೂಗೋಳದ ಮಾಸ್ತರು
ಬಾಯಿ ತೆರೆದುಕೊಂಡೇ ಕಾಯುತ್ತಿದ್ದರು,
ಸದ್ದು ದಾಟಿದ ಮೇಲೆ ಗೋದಾವರಿ
ನಿಂತಲ್ಲಿಂದಲೇ ಮತ್ತೆ ಹರಿಯುತ್ತಿತ್ತು.
ಕಲಿಸುವ ವಿಮಾನ.
ಗುರುವೂ ಹುಡುಗನೂ ಪಕ್ಕಪಕ್ಕ, ಜೀಪಿನಲ್ಲಿ ಕೂತಂತೆ.

ಒಡಲನ್ನು ಒಸಡಿನ ಅಕ್ರಿಲಿಕ್ಕಿನಲ್ಲೇ ಎರೆದೆ.
ಬಣ್ಣ ಹಚ್ಚುವ ಮುನ್ನ ಒಂದು ವಾರ
ವಾಯುಸೇನೆಯ ವಿಮಾನ ಗುಲಾಬಿಯಾಗಿತ್ತು,
ಹಲ್ಲು ಬಾರದ ಕೂಸಿನ ನಗೆಯಂತೆ.
ಮೇಲಿನ ಗಾಜಿಗೆ, ಕ್ಲಿಪ್ಪು ಬಿಚ್ಚಿದ ಹುಡುಗಿಯರಿಗೆ
ರಿಟೇನರ್ ಮಾಡುವ ಹಾಳೆ ಕಾಸಿ ಎಳೆದೆ.
ಹನ್ನೊಂದು ಕೆಟ್ಟವು.
ಬಾಲದ ಮೇಲೆ ಕುಂತುಬಿಡದಿರಲೆಂದು ಮೂಗಿನೊಳಗೆ ಭಾರ,
ಯಾರದೋ ದವಡೆಯಿಂದ ಕಳಚಿದ ಸ್ಟೀಲ್ ಟೋಪಿ.
ಎಪ್ಪತ್ತೆರಡರಲ್ಲಿ ಒಂದು ಪಾಲು. ಇಂಚಿಗೆ ಆರು ಅಡಿ.
ಎಲ್ಲ ಸೇರಿ ನನ್ನ ಒಂದು ಗೇಣಿಗೂ ಕಡಿಮೆ.

ಬಿಳಿ, ಮೂರು ಕೋಟು, ಹಾಲಿನಷ್ಟು ತೆಳ್ಳಗೆ.
ಹಲ್ಲಿನ ಬಿಳಿಯಲ್ಲೇ ಹದಿನಾರು ಬಗೆ ಬಲ್ಲವಳು ನಾನು,
ಆದರೂ ನಾಲ್ಕು ಸಲ ಕಲಸಿದೆ.
ರೆಕ್ಕೆಯ ತುದಿಗೆ ಕಿತ್ತಳೆ.
ಟೇಪು ಕೀಳುವಾಗ ಉಸಿರಾಡಲಿಲ್ಲ.
ಕೇಸರಿಯೊಳಗೆ ಬಿಳಿ, ಬಿಳಿಯೊಳಗೆ ಹಸಿರು,
ಮೂರು ಸೊನ್ನೆಯ ಬ್ರಶ್ಶಿನಲ್ಲಿ.

ಕೆಳಗಿನ ಸೆಟ್ಟು ಒತ್ತುತ್ತದೆಂದು
ವೈಜಿನಾಥರು ಸೀದಾ ಇಲ್ಲಿಗೇ ಬಂದರು,
ಇಪ್ಪತ್ತೆರಡು ವರ್ಷ ಹ್ಯಾಂಗರಿನಲ್ಲಿ
ತಗಡು, ರಿವೆಟ್ಟು, ಗ್ರೀಸು.
ಹಲ್ಲು ತೆಗೆದು ನನ್ನ ಕೈಗಿಟ್ಟು
ವಿಮಾನ ತಮ್ಮ ಕೈಗೆತ್ತಿಕೊಂಡರು.
ಎಲ್ಲರೂ ಮೇಲಿಂದ ನೋಡುತ್ತಾರೆ.
ಇವರು ಮೊದಲು ಮಗುಚಿದರು.

“ಇಷ್ಟು ಸ್ವಚ್ಛ ಇರ್ತಿದ್ದಿಲ್ಲವ್ವಾ.
ಇಲ್ಲಿ ಎಣ್ಣಿ ಸೋರ್ತಿತ್ತು. ಇಲ್ಲಿ ನಮ್ಮ ಬೂಟಿನ ಗುರ್ತ.
ಸೋಮವಾರ ಒರಸಿದ್ರ ಮಂಗಳವಾರ ಮತ್ತ ಹಂಗೇ.”
ಬೋಳು ಬಾಯಲ್ಲಿ ಒಂದೂ ಸ-ಕಾರ ನಿಲ್ಲಲಿಲ್ಲ,
ಗಾಳಿಯಾಗಿ ಹಿಂದಿನಿಂದ ಹೋಯಿತು.

ರೆಕ್ಕೆಯ ಬುಡ ಇನ್ನೂ ಹಸಿ ಇತ್ತು.
ಅವರು ಇಳಿಸಿದಾಗ ಹೆಬ್ಬೆಟ್ಟು ಅಲ್ಲೇ ಉಳಿಯಿತು.
“ಅಯ್ಯೋ, ಕೆಡಿಸಿಬಿಟ್ಟೆ ನೋಡು.”
ಇರಲಿ ಬಿಡ್ರಿ ಕಾಕಾ, ಸಾವಿರ ನಂಬರಿನ ಕಾಗದ ಅದ,
ಒಂದೇ ನಿಮಿಷದ ಕೆಲಸ, ಎಂದೆ.

ರಾತ್ರಿ ಕಾಗದ ನೀರಿಗದ್ದಿ ಕುಳಿತೆ.
ಹೆಬ್ಬೆಟ್ಟಿನ ಗೆರೆಗಳು ಒಂದರೊಳಗೊಂದು,
ಒಂದು ಕಡೆ ಅಡ್ಡ ಕಡಿದಿತ್ತು, ಹಳೇ ಗಾಯವಿರಬೇಕು.
ದವಡೆ ಅಳೆಯುವ ಕೈವಾರ ಹಿಡಿದೆ, ಯಾಕೋ.
ಸರಿಯಾಗಿ ಒಂದು ಇಂಚು.
ಒಂದು ಇಂಚೆಂದರೆ ಈ ಮೇಜಿನ ಲೆಕ್ಕದಲ್ಲಿ
ಏಣಿ ಇಳಿದು ರೆಕ್ಕೆಯ ಬುಡದಲ್ಲಿ ನಿಂತ ಒಬ್ಬ ಆಳು.
ವೈಜಿನಾಥರು ಅಷ್ಟು ಎತ್ತರವಿಲ್ಲ.
ಕಾಗದ ಕೈಯಲ್ಲೇ ಒಣಗಿತು.

ಗುರುವಾರ ಬಂದರು. ಕೆಳಗಿನದನ್ನು
ಎರಡು ಕೂದಲೆಳೆ ಸವೆಸಿದ್ದೆ.
ಸೋಮವಾರ ಅನ್ನಿ, ಎಂದೆ.
ಅಂದರು. ನಿಂತಿತು.

ಎಣ್ಣೆಯದು ಮಾತ್ರ ಇನ್ನೂ ಬಗೆಹರಿದಿಲ್ಲ.
ಕಂದು ಹಚ್ಚಿದರೆ ಚಹಾ ಚೆಲ್ಲಿದಂತೆ,
ಕಪ್ಪು ಹಚ್ಚಿದರೆ ಡಾಂಬರು.
ಯಾವ ಬಣ್ಣ ಇತ್ತು ಕಾಕಾ, ಸರಿಯಾಗಿ ಹೇಳ್ರಿ, ಎಂದೆ.
ಬಹಳ ಹೊತ್ತು ಹೊಸ ಹಲ್ಲು ಕಚ್ಚಿ ಕುಳಿತರು.
“ಬಣ್ಣ ನೆನಪಿಲ್ಲ ತಂಗಿ,” ಎಂದರು,
“ವಾಸನಿ ಅದ.”