ಅರವತ್ತು ನಿಮಿಷದ ಕೂಪನ್ನು

ನಾದಿನಿ ವೈಜಯಂತಿ ತೊಟ್ಟಿಲದಾಗ ಇಟ್ಟು ಹೋದ ಲಕೋಟಿ.
ಬೆಳ್ಳಿ ಉಡದಾರ ಇರಬಹುದು ಅಂದ್ಕೊಂಡಿದ್ವಿ ಎಲ್ಲಾರೂ.
ಒಳಗ ಹೊಳೆಯೋ ಕಾಗದ: ತಾಯಂದಿರಿಗಾಗಿ, ಅರವತ್ತು ನಿಮಿಷ.
ಅತ್ತಿ ಹಿಂದ ಮುಂದ ತಿರುವಿ ನೋಡಿ
"ಮೈ ತಿಕ್ಕಿಸಿಕೊಳ್ಳಕ್ಕ ರೊಕ್ಕ ಕೊಡಬೇಕಾ?" ಅಂದ್ರು.
ಮೂರು ತಿಂಗಳು ಅದು ಲಸಿಕಿ ಕಾರ್ಡಿನ ಕೂಡ ಮಲಗಿತ್ತು.
ಮುಗಿಯೋ ತಾರೀಖು ಬಂತಂತ ಹೋದೆ,
ಬೆನ್ನು ನೋಯ್ತದ ಅಂತಲ್ಲ.

ಸೇಡಂ ರಸ್ತೆ. ಕೆಳಗ ಟೈರಿನ ಅಂಗಡಿ, ಮ್ಯಾಲ ಸ್ಪಾ.
ಮೆಟ್ಟಲ ಹತ್ತೋತನಕ ರಬ್ಬರಿನ ವಾಸನಿ, ಬಾಗಿಲು ತೆಗೆದರ ಲ್ಯಾವೆಂಡರ್.
ಹುಡುಗಿ ಎದಿಮ್ಯಾಲಿನ ಬಿಲ್ಲೆ ಜೆನ್ನಿ ಅಂತಿತ್ತು.
ಆಕಿ ಫೋನು ಬಡಕೊಂಡಾಗ ಆ ಕಡಿಂದ ಒಬ್ಬಾಕಿ
"ಏ ಜಗದೇವಿ, ಗ್ಯಾಸ್ ಬುಕ್ ಮಾಡಿದ್ಯಾ?" ಅಂತ ಕೂಗಿದಳು.
ಚಿಂಚೋಳಿ ಕಡಿ ರಾಗ.

"ಸಿಜೇರಿಯನ್ ಏನ್ರಿ ಮೇಡಂ?"
ಹೌದು ಅಂದೆ. ಅಲ್ಲಿಂದ ನನ್ನ ಮೈ ಎರಡು ಊರಾಯ್ತು.
ನಡುವ ಒಂದು ಗಡಿ, ಆಕಿ ದಾಟಲೇ ಇಲ್ಲ.

ಮಂಚಕ್ಕೊಂದು ತೂತು, ತೂತಿನೊಳಗ ನನ್ನ ಮಾರಿ.
ಕೆಳಗ ಪ್ಲಾಸ್ಟಿಕ್ ಬೋಗುಣಿ, ನೀರಾಗ ಐದು ಗುಲಾಬಿ ಎಸಳು,
ಅದರಾಗ ಒಂದು ಬಟ್ಟಿದು. ಅದೊಂದೇ ಬಾಡಿರಲಿಲ್ಲ.
ಆಕಿ ಕೈ ಬೆನ್ನ ಮ್ಯಾಲ ಅಡ್ಡಾಡಿತು,
ಮದುವಿ ಮನ್ಯಾಗ ಯಾರೋ ಹೇಳ್ಯಾರಂತ ಟೇಬಲ್ ಒರೆಸಿದಂಗ.
ಎಡಗಡಿ ಭುಜದ ಕೆಳಗ ಒಂದು ಗಂಟು ಅದ,
ರಾತ್ರಿ ಎರಡರಿಂದ ನಾಕರ ತನಕ ಕೂಸಿನ ತಲಿ ಹೊತ್ತು ಆದದ್ದು.
ಆಕಿ ಬೆರಳು ಅದನ್ನ ಸುತ್ತುಹಾಕಿ ಹೋದವು,
ಹಾದ್ಯಾಗ ಕೂತ ಎಮ್ಮಿಗೆ ದಾರಿ ಬಿಟ್ಟಂಗ.
"ಪ್ರೆಶರ್ ಸರಿ ಅದಾ ಮೇಡಂ?"
ಸರಿ ಅದ, ಅಂದೆ.
ಹೆರಿಗಿ ಆದಾಗಿಂದ ಎಲ್ಲದಕ್ಕೂ ಸರಿ ಅಂತೀನಿ ನಾ;
ಕೇಳಿದವರ ಕೆಲಸ ಲಗು ಮುಗೀತದ.

ಆಮ್ಯಾಲ ಬಂದವು ಬಿಸಿ ಕಲ್ಲು, ಟ್ರೇದಾಗ, ಅರಿವಿ ಹೊಚ್ಚಿಕೊಂಡು.
ಏಪ್ರಿಲ್ ತಿಂಗಳು. ಕಲಬುರಗಿ.
ಸೈಕಲ್ಲಿನ ಸೀಟು ಸುಡ್ತದ, ನಳದ ನೀರು ಸುಡ್ತದ,
ಊರಾಗಿನ ಕಲ್ಲೆಲ್ಲಾ ಹಂಚಾಗಿ ಕೂತಾವ,
ಈ ಏಳು ಕಲ್ಲಷ್ಟೇ ತಣ್ಣಗ!
ತೂತಿನೊಳಗ ನಕ್ಕೆ. ಆಕಿಗೆ ಅಳು ಅಂತ ಕೇಳಿಸಿರಬೇಕು,
"ನೋಯ್ತೇನ್ರಿ?" ಅಂತ ಕೈ ತೆಗೆದಳು.

ಆಗ ಕರೆಂಟ್ ಹೋಯ್ತು. ಸ್ಪೀಕರಿನ ಕೊಳಲು ಅರ್ಧಕ್ಕ ನಿಂತು
ಕೆಳಗ ಗಾಳಿ ಹೊಡಿಯೋ ಸಪ್ಪಳ, ಯಾರದೋ ಕೂಸಿನ ಅಳು.
ನನ್ನದಲ್ಲ. ನನ್ನದು ಮನ್ಯಾಗ ಅದ.
ಎದಿಗೆ ಆ ಲೆಕ್ಕ ತಿಳೀಲಿಲ್ಲ.
ಬಿಳಿ ಹಾಸಿಗಿ ಮ್ಯಾಲ ಎರಡು ರೊಟ್ಟಿಯಷ್ಟು ಒದ್ದಿ.
ಜಗದೇವಿ ನೋಡಿದಳು, ಟವೆಲ್ ಕೊಟ್ಟಳು.
"ಇರ್ಲಿ ಬಿಡ್ರಿ, ಹ್ಯಾಂಗೂ ನಾನೇ ಒಗೀಬೇಕು."
ಅಷ್ಟು ಹೊತ್ತಿನಾಗ ಆಕಿ ಆಡಿದ ಒಂದೇ ಖರೇ ಮಾತು.
ಅರವತ್ತಾಯ್ತು ಮೇಡಂ, ಅಂದಳು ಮತ್ತ.
ಗಡಿಯಾರ ನಲವತ್ತೆಂಟು ಅಂತಿತ್ತು.
ಸರಿ, ಅಂದೆ.

ಚಂದ್ರಭಾಗಮ್ಮನ ನೆನಪಾಯ್ತೇನು ಅಂದ್ರ, ಆಯ್ತು.
ಒಂಬತ್ತು ದಿನ ಎರೆದಾಕಿ. ಆಕಿ ಕೈ ಗಂಟು ಹುಡುಕಿ ಹುಡುಕಿ ಒಡೀತಿತ್ತು,
ಬಾಯಿ ಸೈತ: "ಹೆಣ್ಣಾದ್ರೂ ಬಣ್ಣ ಅದ ಬಿಡು."
ಕುದಿಯೋ ನೀರಿನಾಗ ಆ ಮಾತು ತೊಳಕೊಂಡು ಹೋಗಲಿಲ್ಲ.
ಒಂದು ಕೈಗೆ ಬಲ ಅದ, ಒಂದು ಕೈಗೆ ಹೆದರಿಕಿ.
ನನಗ ಬೇಕಾದ ಕೈ ಯಾರ ಮನಿ ಕೆಲಸಕ್ಕ ಹೋಗ್ಯಾದೋ.

"ಹ್ಯಾಂಗಿತ್ತು?"
"ಚಲೋ ಇತ್ತು."
ಕೂಸು ಮೂಸಿ ನೋಡಿ ಮಾರಿ ಹೊಳ್ಳಿಸಿತು,
ಇವಳ್ಯಾರು ಬಂದಾಳ ಅಂತ.
ಕಡ್ಲಿಹಿಟ್ಟು ಹಚ್ಚಿ ಲ್ಯಾವೆಂಡರ್ ತೊಳೆದ ಮ್ಯಾಲಷ್ಟೇ ಕುಡೀತು.

ಹೊತ್ತು ಮುಳುಗಿದಾಗ ಒಣಗಿದ ಲಂಗೋಟಿ ತರಕ್ಕ ಮಾಳಗಿ ಏರಿದೆ.
ದಿನಾಪೂರ್ತಿ ಬಿಸಲು ಕುಡಿದ ಶಹಾಬಾದಿ ಪರಸಿ.
ಯಾರೂ ಇರಲಿಲ್ಲ. ಬೆನ್ನು ಹಚ್ಚಿ ಮಲಗಿದೆ.
ಸೀರಿ ದಾಟಿ, ಕುಪ್ಪಸ ದಾಟಿ, ಶಾಖ ಮೆಲ್ಲಕ ಒಳಗ ಬಂತು,
ಗಂಟಿನ ಹತ್ರ ನಿಂತು ಬಾಗಲ ಬಡೀತು.
ಗಂಟು ಬಿಚ್ಚಲಿಲ್ಲ. ಖರೇ ಹೇಳ್ತೀನಿ, ಬಿಚ್ಚಲಿಲ್ಲ.
ಒಂದೀಟು ಸರದು ಕೂತಿತು.

ಐದು ನಿಮಿಷ ಇರಬೇಕು.
ಕೆಳಗಿಂದ ಅಳು ಬರೋದಕ್ಕ ಮೊದಲೇ
ಎದಿ ಕೇಳಿಸಿಕೊಂಡಿತು.