ಶಿಕ್ಕಾ ಇರಲಿ

ಗಿಲಾವು ಒಣಗಿ ಹದಿನೈದು ದಿನವಾಯಿತು, ಸುಣ್ಣವೂ ಹಿಡಿಯಿತು.
ಐದೇ ಮೊಳೆ, ಆರನೆಯದು ಕೇಳಬ್ಯಾಡ,
ಅಂದಿದ್ದಾನೆ ತಮ್ಮ ರೇವಣಸಿದ್ಧ.
ಗೋಡೆಯಾಚೆ ಹನ್ನೆರಡು ಪವರ್‌ಲೂಮು,
ಬೆಳಗಿನ ಏಳರಿಂದ ಚಾದರ ನೇಯುತ್ತ
ನಮ್ಮ ಇಟ್ಟಂಗಿಗಳ ಹಲ್ಲು ಸಡಿಲ ಮಾಡಿವೆ.

ಐದು ಮೊಳೆ.
ಫೋನಿನಲ್ಲಿ ನಾಲ್ಕು ಸಾವಿರ ಫೋಟೊ,
ಅರ್ಧಕ್ಕರ್ಧ ಒಂದೇ ಕೂಸಿನವು.
ಬಿಸ್ಕೀಟಿನ ಡಬ್ಬಿಯಲ್ಲಿ ಹನ್ನೊಂದು,
ಮೂರು ಒಂದಕ್ಕೊಂದು ಅಂಟಿಕೊಂಡಿವೆ;
ಬಿಡಿಸಹೋದರೆ ಅಪ್ಪನ ಮೀಸೆ
ಬೀಗರ ತುಟಿಗೆ ಹತ್ತಿ ಬರುತ್ತದೆ.

ತಮ್ಮನ ಹೆಂಡತಿ ಮಹಾನಂದಾ ಚಾಪೆಯ ಮೇಲೆ ಹರಡಿ ಕೂತಿದ್ದಾಳೆ,
ಜೋಳ ಹಸನು ಮಾಡುವ ಹಾಗೆ:
ಕಣ್ಣು ಮುಚ್ಚಿದ್ದು ಬ್ಯಾಡ,
ಮಾತು ಬಿಟ್ಟವರು ಬ್ಯಾಡ,
ನಾ ದಪ್ಪ ಕಾಣೋದಂತೂ ಬ್ಯಾಡೇ ಬ್ಯಾಡ.
ಹೊಸ್ತಿಲಲ್ಲಿ ಕೂತ ಸೋದರತ್ತೆ ಕಸ್ತೂರವ್ವ ಕೈ ಆಡಿಸಿದಳು:
'ನನ್ನ ಗ್ವಾಡಿಗೆ ಏರಸಬ್ಯಾಡ್ರಿ,
ಇನ್ನಾ ರೇಶನ್ ತಗೋತೀನಿ ನಾ.'

ಒಂದನ್ನು ಮಾತ್ರ ಯಾರೂ ಬೇಡವೆನ್ನಲಿಲ್ಲ.
ಬಾಳಿವೇಸಿನ ಹಳೆಯ ವಾಡೆ, ಅಕ್ಕನ ನಿಶ್ಚಯ,
ಹದಿನಾಲ್ಕು ಮಂದಿ ಸಾಲಾಗಿ ನಿಂತು
ಎಲ್ಲರೂ ಎಡಕ್ಕೆ ತಿರುಗಿದ್ದಾರೆ, ಕ್ಯಾಮೆರಾಕ್ಕೆ ಬರೀ ಕಿವಿ ಕೊಟ್ಟು.
ನಳ ಬಂತು ಎಂದು ಯಾರೋ ಕೂಗಿದ್ದರಂತೆ.
ಸೊಲ್ಲಾಪುರದಲ್ಲಿ ನಾಲ್ಕು ದಿನಕ್ಕೊಮ್ಮೆ ಬರುವ ನೀರು
ನಿಶ್ಚಯ ಮುಗಿಯಲೆಂದು ಕಾಯುತ್ತದೆಯೇ?
ಎಡ ಅಂಚಿನಲ್ಲಿ ಒಂದು ಮೊಣಕೈ,
ನಾಲ್ಕು ಹಸಿರು ಬಳೆ, ಕೊಡದ ಅರ್ಧ ಬಾಯಿ.
ಅದು ಅವ್ವ.

ಉಳಿದ ಹತ್ತರಲ್ಲಿ ಆಕೆ ಇಲ್ಲ.
ಫೋನು ಬರುವ ಮೊದಲೇ ಹೋದಳು, ಹಾಗಾಗಿ
ನಾಲ್ಕು ಸಾವಿರದಲ್ಲೂ ಇಲ್ಲ.
ಮುಖ ಇರುವುದು ಒಂದೇ ಕಡೆ, ಬೀಡಿ ಕಾರ್ಡಿನಲ್ಲಿ,
ಹೆಬ್ಬೆಟ್ಟಿನಷ್ಟು.
ಗುರಬಾಯಿ, ವಯಸ್ಸು ಅಂದಾಜು ಮೂವತ್ತೆರಡು,
ದಿನಕ್ಕೆ ಸಾವಿರ ಸುತ್ತಿದ ಬೆರಳು ಚೌಕಟ್ಟಿನ ಹೊರಗೆ.
ಎಡಭುಜದ ಮೇಲೆ ನೇರಳೆ ಬಣ್ಣದ ಸರಕಾರಿ ಶಿಕ್ಕಾ.

ಅಶೋಕ ಚೌಕದ ಗಡ್ಡಂ ಸ್ಟುಡಿಯೊದವ
ಮಗನಿಗೆ ತೆಲುಗಿನಲ್ಲಿ ಬೈದು,
ಗಿರಾಕಿಗೆ ಮರಾಠಿಯಲ್ಲಿ ರೊಕ್ಕ ಹೇಳಿ,
ನನ್ನ ಕಡೆ ಕನ್ನಡದಲ್ಲಿ ತಿರುಗಿದ:
'ದೊಡ್ಡದು ಮಾಡೋಣ ಅಕ್ಕಾ. ಇಳಕಲ್ ಸೀರಿ ಉಡಸ್ತೀನಿ,
ಕೊರಳಾಗ ಬೋರಮಾಳ ಹಾಕ್ತೀನಿ,
ನಗೂನೂ ಕೂಡಸಬಹುದು ಈಗ.
ಶಿಕ್ಕಾ ಅಂತೂ ಎರಡು ನಿಮಿಷದಾಗ ಅಳಸ್ತೀನಿ.'

ಪರದೆಯ ಮೇಲೆ ಭುಜ ದೊಡ್ಡದಾಯಿತು.
'ಕಾಮಗಾರ' ಎಂಬ ಮಾತಿನಲ್ಲಿ ಎರಡಕ್ಷರ ಅವ್ವನ ಮೇಲೆ ಬಿದ್ದು
ಇನ್ನೆರಡು ಕಾರ್ಡಿನಲ್ಲೇ ಉಳಿದಿವೆ.
ಕಾಮ.
ಮರಾಠಿಯಲ್ಲಿ ಅದು ದುಡಿಮೆ, ನಮ್ಮಲ್ಲಿ ಬೇರೆ.
ಅವ್ವನಿಗೆ ಎರಡನ್ನೂ ಓದಲು ಬರುತ್ತಿರಲಿಲ್ಲ,
ಎರಡಕ್ಕೂ ಹೊತ್ತು ಸಿಕ್ಕಿತ್ತೋ ಇಲ್ಲವೋ,
ಕೇಳುವ ವಯಸ್ಸು ನನಗೆ ಬರುವಷ್ಟರಲ್ಲಿ ಆಕೆ ಇರಲಿಲ್ಲ.

ಸೀರೆ ಬೇಡ, ಅಂದೆ. ಬೋರಮಾಳ ಬೇಡ.
ಶಿಕ್ಕಾ ಇರಲಿ.
'ನೋಡಿದವರು ನನಗ ಅಂತಾರ, ಕೆಲಸ ಬರಲ್ಲಂತ,'
ಎಂದು ಗೊಣಗುತ್ತಲೇ ಗುಂಡಿ ಒತ್ತಿದ.

ಅಷ್ಟು ದೊಡ್ಡದಾದ ಮೇಲೆ ಮುಖ ತಡೆಯಲಿಲ್ಲ.
ಹತ್ತಿರ ಹೋದರೆ ಅವ್ವ ಇಲ್ಲ, ಬರೀ ಚುಕ್ಕಿ.
ಹಿಂದೆ ಸರಿದು ಸರಿದು
ಒಲೆಗೆ ಬೆನ್ನು ತಾಗಿದಾಗ ಬರುತ್ತಾಳೆ,
ಈಗಷ್ಟೇ ಏನೋ ಹೇಳಿ ಬಾಯಿ ಮುಚ್ಚಿದವಳಂತೆ.

ನಾಲ್ಕು ಮೊಳೆ ತುಂಬಿದವು.
ಐದನೆಯದಕ್ಕೆ ಕಸ್ತೂರವ್ವ ರೇಶನ್ ಚೀಲ ನೇತು ಹಾಕಿದ್ದಾಳೆ;
ತೆಗೆ ಅಂದರೆ ಕಿವಿ ಕೇಳದವಳಾಗುತ್ತಾಳೆ.

ಏಳಕ್ಕೆ ಮಗ್ಗ ಶುರು.
ಕಟಿ ರೊಟ್ಟಿಗೆ ಶೇಂಗಾ ಹಿಂಡಿ ಕಲಸುವ ಹೊತ್ತಿಗೆ
ಗಾಜುಗಳೆಲ್ಲ ಸಣ್ಣಗೆ ಗುಡುಗುಟ್ಟಿ
ನಿಶ್ಚಯದ ಹದಿನಾಲ್ಕು ಮಂದಿ ಎಡಕ್ಕೆ ವಾಲುತ್ತಾರೆ,
ಪಕ್ಕದಲ್ಲಿ ಅವ್ವನೂ, ಶಿಕ್ಕಾ ಸಮೇತ.
ಮಹಾನಂದಾ ದಿನಾ ನೆಟ್ಟಗೆ ಮಾಡುತ್ತಾಳೆ.
ಆಕೆ ಊರಿಗೆ ಹೋದ ದಿನ ನಾನು ಹಾಗೇ ಬಿಟ್ಟೆ.
ಓಣಿಯ ನಳ ಆ ಕಡೆಗೇ ಇದೆ,
ಇವತ್ತು ನಾಲ್ಕನೆಯ ದಿನ.